ಹತ್ತು ಗುಂಟೆಗೆ ಬಾತುಕೋಳಿಯೋ, ಆಳದ ನೀರೋ? ಜಪಾನಿನ ಬೆಳೆ ರಕ್ಷಣೆಯ ದಾರಿಗಳ ಹೋಲಿಕೆ

ಮಸನೊಬು ಫುಕುವೋಕಾ ಹೆಸರು ಕೇಳದ ಸಾವಯವ ಕೃಷಿಕರು ಕರ್ನಾಟಕದಲ್ಲಿ ಕಡಿಮೆ. ಎಹಿಮೆ ಪ್ರಾಂತ್ಯದ ಇಯೋದಲ್ಲಿ ನೆಲ ಉಳದೆ, ಗೊಬ್ಬರ ಸುರಿಯದೆ, ಔಷಧಿ ಹೊಡೆಯದೆ ಭತ್ತ ಬೆಳೆದು ತೋರಿಸಿದ ಆ ಹಿರಿಯರ ಮಾತು ನಮ್ಮಲ್ಲೂ ಎಷ್ಟೋ ಜನರ ಮನಸ್ಸಿಗೆ ನಾಟಿದೆ. ಆದರೆ ಅವರನ್ನು ಓದಿಕೊಂಡೇ ಜಪಾನನ್ನು ಕಲ್ಪಿಸಿಕೊಂಡವರು ಅಲ್ಲಿನ ಗದ್ದೆ ಬಯಲಿಗೆ ಹೋದರೆ ಬೇರೆಯದೇ ಚಿತ್ರ ಕಾಣುತ್ತಾರೆ. ಹೆಕ್ಟೇರಿಗೆ ಬಳಸುವ ಪೀಡೆನಾಶಕದ ಲೆಕ್ಕದಲ್ಲಿ ಜಪಾನ್ ಜಗತ್ತಿನ ಮುಂಚೂಣಿ ದೇಶಗಳಲ್ಲೊಂದು. ಸಾವಯವ ಬೇಸಾಯದ ಜಮೀನು ಅಲ್ಲಿ ಶೇ. 1ನ್ನೂ ಮುಟ್ಟಿಲ್ಲ.

ಈ ಸ್ಥಿತಿ ಬದಲಾಗಬೇಕೆಂದು ಅಲ್ಲಿನ ಕೃಷಿ ಸಚಿವಾಲಯ 2021ರ ಮೇ ತಿಂಗಳಲ್ಲಿ 'ಮಿದೊರಿ' ಎಂಬ ಯೋಜನೆ ಪ್ರಕಟಿಸಿತು. ಮಿದೊರಿ ಎಂದರೆ ಹಸಿರು. 2050ರ ಹೊತ್ತಿಗೆ ರಾಸಾಯನಿಕ ಪೀಡೆನಾಶಕ ಶೇ. 50 ಇಳಿಯಬೇಕು, ಸಾವಯವ ಜಮೀನು ಶೇ. 25ಕ್ಕೆ, ಅಂದರೆ 10 ಲಕ್ಷ ಹೆಕ್ಟೇರಿಗೆ ಏರಬೇಕು ಎಂಬುದು ಗುರಿ. ಇಲ್ಲೊಂದು ಸೂಕ್ಷ್ಮವಿದೆ. ಅವರು ಇಳಿಸಹೊರಟಿರುವುದು ಕಿಲೋ ಲೆಕ್ಕವನ್ನಲ್ಲ, ಅಪಾಯದ ಲೆಕ್ಕವನ್ನು. ಹೆಚ್ಚು ವಿಷದ ಔಷಧಿ ಬಿಟ್ಟು ಕಡಿಮೆ ವಿಷದ್ದಕ್ಕೆ ಬಂದರೂ ಅದು ಇಳಿಕೆಯೇ. ಆಮೇಲೆ ಸಸ್ಯ ಸಂರಕ್ಷಣೆಯ ಕಾನೂನನ್ನೂ ತಿದ್ದಿದರು. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಆ ತಿದ್ದುಪಡಿ, ರೋಗ ಕೀಟ ಬಂದ ಮೇಲೆ ಹೊಡೆಯುವುದಕ್ಕಿಂತ ಬಾರದಂತೆ ನೋಡಿಕೊಳ್ಳುವ ಸಮಗ್ರ ನಿರ್ವಹಣೆಗೆ ಒತ್ತು ಕೊಟ್ಟಿತು.

ಕಾನೂನು ಏನೇ ಹೇಳಲಿ, ಗದ್ದೆಗೆ ಇಳಿಯುವವರು ಯಾರು? 2020ರ ಕೃಷಿ ಗಣತಿಯಲ್ಲಿ ಬೇಸಾಯವನ್ನೇ ಮುಖ್ಯ ಕಸುಬು ಮಾಡಿಕೊಂಡವರ ಸರಾಸರಿ ವಯಸ್ಸು 67.8. ಹಾಗಾಗಿ ಜಪಾನಿನ ಯಾವ ಪದ್ಧತಿಯನ್ನು ತೂಗುವಾಗಲೂ ನಾನು ಮೊದಲು ಕೇಳುವುದು ವಿಷ ಇದೆಯೋ ಇಲ್ಲವೋ ಎಂದಲ್ಲ. ಅದನ್ನು ಮಾಡುವ ಮೈ ಯಾರದು, ಗದ್ದೆಯ ನೀರು ಯಾರ ಕೈಯಲ್ಲಿದೆ ಎಂದು. ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಲೆಕ್ಕಕ್ಕೆ ಒಂದು ಅನುಕೂಲವೂ ಇದೆ. ಅಲ್ಲಿನ ರೈತರು ಇಂದಿಗೂ ಗದ್ದೆಯನ್ನು ಅಳೆಯುವುದು 'ತಾನ್' ಎಂಬ ಹಳೆಯ ಅಳತೆಯಲ್ಲಿ. ಒಂದು ತಾನ್ ಎಂದರೆ ಹೆಚ್ಚುಕಡಿಮೆ ನಮ್ಮ ಹತ್ತು ಗುಂಟೆ. ಮುಂದೆ ಹತ್ತು ಗುಂಟೆ ಎಂದಲ್ಲೆಲ್ಲ ಅದನ್ನೇ ಅರ್ಥ ಮಾಡಿಕೊಳ್ಳಿ.

ಗದ್ದೆಯ ಕಳೆ: ಇಲ್ಲಿಯೇ ಸೋಲು ಗೆಲುವು

ಜಪಾನಿನಲ್ಲಿ ಔಷಧಿ ಬಿಟ್ಟು ಭತ್ತ ಬೆಳೆಯಲು ಹೊರಟವರನ್ನು ಹೆಚ್ಚಾಗಿ ಸೋಲಿಸುವುದು ಹುಳುವಲ್ಲ, ಕಳೆ. 1949ರ ಸುಮಾರಿಗೆ ಹತ್ತು ಗುಂಟೆ ಗದ್ದೆಯ ಕಳೆ ಕೀಳಲು ವರ್ಷಕ್ಕೆ ಸುಮಾರು 50 ಗಂಟೆ ಬೇಕಿತ್ತು. ಬೇಸಿಗೆಯ ಬಿಸಿಲಲ್ಲಿ ಕಾದ ಕೆಸರಿನಲ್ಲಿ ಸೊಂಟ ಬಗ್ಗಿಸಿ 50 ಗಂಟೆ. ಇಂದು ಅದು ಒಂದೆರಡು ಗಂಟೆಗೆ ಇಳಿದಿದೆ, ಇಳಿಸಿದ್ದು ಕಳೆನಾಶಕ. ಆ 50 ಗಂಟೆಯ ನೆನಪು ಇಟ್ಟುಕೊಳ್ಳದೆ ಅಲ್ಲಿನ ಅಜ್ಜಿಯರಿಗೆ ಕಳೆನಾಶಕ ಬಿಡಿ ಎಂದು ಬುದ್ಧಿ ಹೇಳುವುದು ನ್ಯಾಯವಲ್ಲ.

ಇಂದಿನ ವಾಡಿಕೆಯ ದಾರಿ ಒಂದೇ ಸಲಕ್ಕೆ ಮುಗಿಸುವ ಮಿಶ್ರ ಕಳೆನಾಶಕ. ಇದರಲ್ಲಿ 'ಜಂಬೊ' ಎಂಬ ರೂಪವೊಂದಿದೆ: ನೀರಲ್ಲಿ ಕರಗುವ ಪೊಟ್ಟಣ. ಬದುವಿನ ಮೇಲೆ ನಿಂತು ಗದ್ದೆಗೆ ಎಸೆದರೆ ಸಾಕು, ಪೊಟ್ಟಣ ಕರಗಿ ಔಷಧಿ ನೀರಿನ ಮೇಲೆ ತಾನಾಗಿ ಹರಡಿಕೊಳ್ಳುತ್ತದೆ. ಎಂಬತ್ತು ದಾಟಿದವರೂ ಮಾಡಬಹುದಾದ ಕೆಲಸ. ಆದರೆ ಹಾಕಿದ ಮೇಲೆ ಏಳು ದಿನ ಗದ್ದೆಯ ನೀರನ್ನು ಹೊರಗೆ ಬಿಡಬಾರದು. ಏಡಿ ತೋಡಿದ ತೂತು, ಸೋರುವ ತೂಬು ಇದ್ದರೆ ಔಷಧಿ ನೇರ ಹಳ್ಳಕ್ಕೆ ಹೋಗುತ್ತದೆ, ಗದ್ದೆಯ ಕಳೆಯೂ ಉಳಿಯುತ್ತದೆ. ಒಂದೇ ಗುಂಪಿನ ಔಷಧಿಯನ್ನು ವರ್ಷಾನುಗಟ್ಟಲೆ ಬಳಸಿದ್ದರಿಂದ, ಸಲ್ಫೊನೈಲ್ ಯೂರಿಯಾ ಜಾತಿಯ ಕಳೆನಾಶಕಕ್ಕೆ ಜಗ್ಗದ ಕಳೆಗಳು 1990ರ ದಶಕದಿಂದಲೇ ಕಾಣಿಸಿಕೊಂಡವು. ಈ ದಾರಿ ಹಿಡಿಯುವುದಾದರೆ ಗುಂಪು ಬದಲಾಯಿಸುತ್ತಿರಬೇಕು, ಬದುವಿನ ತೂತು ಮುಚ್ಚಿಯೇ ಪೊಟ್ಟಣ ಎಸೆಯಬೇಕು.

ಬಾತುಕೋಳಿಯ ದಾರಿ ಎಲ್ಲಕ್ಕಿಂತ ಚಂದ, ಎಲ್ಲಕ್ಕಿಂತ ಜವಾಬ್ದಾರಿಯದ್ದೂ ಹೌದು. ಫುಕುವೋಕಾ ಪ್ರಾಂತ್ಯದ ಕೆಯ್‌ಸೆನ್ ಊರಿನ ರೈತ ತಕಾವೊ ಫುರುನೊ 1988ರಿಂದ ಇದನ್ನು ಮಾಡಿ, ತಿದ್ದಿ, ಏಷ್ಯಾದ ಬೇರೆ ದೇಶಗಳಿಗೂ ಹಬ್ಬಿಸಿದರು. (ಈ ಫುಕುವೋಕಾ ಪ್ರಾಂತ್ಯ, ಹಿಂದೆ ಹೇಳಿದ ಫುಕುವೋಕಾ ಮನುಷ್ಯ. ಎರಡನ್ನೂ ಬೆರೆಸಿಕೊಳ್ಳಬೇಡಿ.) 'ಐಗಮೊ' ಎಂದರೆ ಕಾಡುಬಾತು ಮತ್ತು ಸಾಕುಬಾತುಗಳ ಬೆರಕೆ ತಳಿ. ನಾಟಿ ಮಾಡಿ ಸಸಿ ಬೇರು ಹಿಡಿದ ಮೇಲೆ, ಒಂದೆರಡು ವಾರದ ಮರಿಗಳನ್ನು ಹತ್ತು ಗುಂಟೆಗೆ ಇಪ್ಪತ್ತರ ಆಸುಪಾಸು ಬಿಡುತ್ತಾರೆ.

ಮರಿಗಳು ಸಾಲಿನ ನಡುವೆ ಗುಂಪಾಗಿ ಈಜುತ್ತವೆ. ಕಾಲು ಕೆಸರನ್ನು ಕಲಕಿ ನೀರನ್ನು ಬಗ್ಗಡ ಮಾಡುತ್ತದೆ, ಬೆಳಕು ಸಿಗದೆ ಕಳೆ ಮೊಳೆಯುವುದೇ ಇಲ್ಲ. ಮೊಳೆತದ್ದನ್ನು ಕೊಕ್ಕು ಕಿತ್ತು ತಿನ್ನುತ್ತದೆ. ಭತ್ತದ ಎಲೆಯಲ್ಲಿ ಸಿಲಿಕಾ ಹೆಚ್ಚು, ಅದು ಒರಟು, ಬಾತುಗಳಿಗೆ ರುಚಿಸದು. ಬುಡದಲ್ಲಿ ಕೂತ ಜಿಗಿಹುಳುವನ್ನು ಮಾತ್ರ ಬಿಡುವುದಿಲ್ಲ. ಹಿಕ್ಕೆ ಗೊಬ್ಬರವಾಗುತ್ತದೆ. ಇಷ್ಟು ಕೆಲಸ ಒಂದೇ ಜೀವ ಮಾಡುವುದನ್ನು ಕಂಡಾಗ ಯಾರ ಮನಸ್ಸಾದರೂ ಅರಳುತ್ತದೆ.

ಈಗ ಇನ್ನೊಂದು ಮಗ್ಗುಲು. ಬೀದಿನಾಯಿ, ನರಿ, ಮರನಾಯಿ ಜಾತಿಯ ಪ್ರಾಣಿಗಳಿಂದ ಕಾಯಲು ಸುತ್ತ ಬಲೆ ಅಥವಾ ವಿದ್ಯುತ್ ಬೇಲಿ ಬೇಕು. ಕಾಗೆ ಎರಗದಂತೆ ಮೇಲೆ ದಾರ ಎಳೆಯಬೇಕು. ತೆನೆ ಬರುವ ಹೊತ್ತಿಗೆ ಅವನ್ನು ಗದ್ದೆಯಿಂದ ಹಿಡಿದು ತರಲೇಬೇಕು, ಇಲ್ಲದಿದ್ದರೆ ಕಾಳು ತಿನ್ನುತ್ತವೆ. ಬಲಿತ ಬಾತನ್ನು ಮರುವರ್ಷ ಎಳೆ ಸಸಿಯ ನಡುವೆ ಬಿಡಲಾಗದು, ಸಸಿ ಮುರಿಯುತ್ತದೆ. ಆದ್ದರಿಂದ ಫುರುನೊ ಪದ್ಧತಿಯಲ್ಲಿ ಅಕ್ಕಿಯಷ್ಟೇ ಬಾತಿನ ಮಾಂಸವೂ ಉತ್ಪನ್ನ. ಮಾಂಸ ಮಾರುವ ವ್ಯವಸ್ಥೆ ಇಲ್ಲದವರು, ಮಾರಲು ಮನಸ್ಸೊಪ್ಪದವರು ಈ ದಾರಿಗೆ ಇಳಿಯುವ ಮುನ್ನ ಆ ಕೊನೆಯನ್ನು ಯೋಚಿಸಿಕೊಳ್ಳಬೇಕು. ಮನೆಯ ಪಕ್ಕದ ಇಪ್ಪತ್ತು ಮೂವತ್ತು ಗುಂಟೆಗೆ ಇದು ಒಳ್ಳೆಯದು. ಐದು ಕಡೆ ಚದುರಿದ ಗದ್ದೆಗೆ ಅಲ್ಲ.

ನೀರಿನಿಂದಲೇ ಕಳೆ ಗೆಲ್ಲುವ ಮೂರನೆಯ ದಾರಿ ನನಗೆ ಹೆಚ್ಚು ಇಷ್ಟ. ಇದರಲ್ಲಿ ಎರಡು ಶತ್ರುಗಳ ಸ್ವಭಾವ ತಿಳಿದಿರಬೇಕು. ಒಂದು ಕಾಡು ಊದಲು. ಅದರ ಎಳೆ ಮೊಳಕೆಗೆ ಗಾಳಿ ಬೇಕು. ನಾಟಿಯಾದ ದಿನದಿಂದ ನೀರನ್ನು ಗೇಣಿನ ಅರ್ಧದಷ್ಟು ಆಳಕ್ಕೆ ನಿಲ್ಲಿಸಿದರೆ ಉಸಿರು ಕಟ್ಟಿ ಸಾಯುತ್ತದೆ. ಇನ್ನೊಂದು 'ಕೊನಾಗಿ', ನೀಲಿ ಹೂ ಬಿಡುವ ಅಗಲೆಲೆಯ ಕಳೆ. ಇದರ ಸ್ವಭಾವ ತಿರುಗಾಮುರುಗಾ: ಗಾಳಿ ಕಡಿಮೆಯಾದ ಕೆಸರಿನಲ್ಲೇ ಚೆನ್ನಾಗಿ ಮೊಳೆಯುತ್ತದೆ. ಆಳದ ನೀರೊಂದನ್ನೇ ನಂಬಿದವರ ಗದ್ದೆಯಲ್ಲಿ ಊದಲು ಹೋಗಿ ಕೊನಾಗಿ ತುಂಬಿಕೊಳ್ಳುತ್ತದೆ. ಅದಕ್ಕೇ ಕೆಸರು ಮಾಡುವುದನ್ನು ಎರಡು ಸಲ ಮಾಡುತ್ತಾರೆ. ಮೊದಲ ಸಲ ಕೆಸರು ಮಾಡಿ, ತೆಳುವಾಗಿ ನೀರು ನಿಲ್ಲಿಸಿ, ಮೂರು ವಾರಕ್ಕೂ ಹೆಚ್ಚು ಕಾಯುತ್ತಾರೆ. ಬಿಸಿಲಿಗೆ ನೀರು ಬೆಚ್ಚಗಾಗಿ ಕಳೆಬೀಜವೆಲ್ಲ ಎದ್ದು ಬರುತ್ತದೆ. ಆಗ ಮೇಲ್ಮಣ್ಣನ್ನಷ್ಟೇ ಇನ್ನೊಮ್ಮೆ ಕಲಕಿ ಮೊಳಕೆಗಳನ್ನು ತೇಲಿಸಿಬಿಡುತ್ತಾರೆ. ನಾಟಿಗೆ ಎಳಸು ಸಸಿ ಆಗದು, ನಾಲ್ಕೈದು ಎಲೆ ಬಿಟ್ಟ ಬಲಿತ ಸಸಿಯೇ ಬೇಕು. ನಾಟಿಯ ಬೆನ್ನಿಗೇ ಅಕ್ಕಿತೌಡು ಚೆಲ್ಲುವವರೂ ಇದ್ದಾರೆ. ತೌಡು ಕೊಳೆಯುವಾಗ ಹುಟ್ಟುವ ಆಮ್ಲಗಳು ಮೊಳಕೆಯನ್ನು ಸುಡುತ್ತವೆ, ಹೆಚ್ಚಾದರೆ ಸಸಿಯ ಬೇರನ್ನೂ.

ಚಿಬಾ ಪ್ರಾಂತ್ಯದ ಇಸುಮಿ ಎಂಬ ಪುಟ್ಟ ನಗರ ಈ ದಾರಿಯಲ್ಲಿ ದೂರ ಬಂದಿದೆ. ಸಾವಯವ ಭತ್ತದ ಅನುಭವ ಇಲ್ಲದ ರೈತರು ತರಬೇತಿ ಪಡೆದು ಶುರು ಮಾಡಿ, 2017ರ ಹೊತ್ತಿಗೆ ಊರಿನ ಶಾಲೆಗಳ ಮಧ್ಯಾಹ್ನದೂಟಕ್ಕೆ ಪೂರ್ತಿ ಸಾವಯವ ಅಕ್ಕಿ ಕೊಡುವಂತಾದರು. ಇಲ್ಲಿ ಕೊಳ್ಳುವವರು ಮೊದಲೇ ಗೊತ್ತಿದ್ದರು ಎಂಬುದು ಗಟ್ಟಿ ಕಾರಣ. ಈ ದಾರಿಗೆ ಬೇಕಾದದ್ದು ಸಮತಟ್ಟಾದ ಗದ್ದೆ, ಎತ್ತರದ ಬದು, ಬೇಕೆಂದಾಗ ಬರುವ ನೀರು. ಸರದಿಯ ಮೇಲೆ ನೀರು ಬರುವಲ್ಲಿ, ನೆಲ ಏರುತಗ್ಗಾಗಿ ಮಣ್ಣು ನೀರಿನಿಂದ ಮೇಲೆ ಕಾಣುವಲ್ಲಿ, ಆ ಕಂಡಷ್ಟು ಜಾಗದಲ್ಲೂ ಊದಲು ಎದ್ದು ನಿಲ್ಲುತ್ತದೆ.

ಯಂತ್ರದ ದಾರಿಯನ್ನೂ ಹೇಳಬೇಕು. ಕೂತು ಓಡಿಸುವ ಕಳೆ ಯಂತ್ರ ಸಾಲಿನ ನಡುವೆ ಚೆನ್ನಾಗಿ ಕೆಲಸ ಮಾಡುತ್ತದೆ, ಬುಡದ ಬಳಿ ಅಷ್ಟು ಚೆನ್ನಾಗಿ ಅಲ್ಲ. ಬಾತಿನ ಕೆಲಸವನ್ನೇ ಅನುಕರಿಸುವ 'ಐಗಮೊ ರೋಬೊ' 2023ರಿಂದ ಮಾರುಕಟ್ಟೆಯಲ್ಲಿದೆ. ಸೌರಫಲಕ ಹೊತ್ತ ತೆಪ್ಪವೊಂದು ಉಪಗ್ರಹದ ದಾರಿ ಹಿಡಿದು ಗದ್ದೆಯೆಲ್ಲ ತೇಲಾಡುತ್ತ, ನಾಟಿಯ ನಂತರ ಸುಮಾರು ಮೂರು ವಾರ ನೀರನ್ನು ಬಗ್ಗಡ ಮಾಡುತ್ತದೆ. ನರಿ ಕಾಟವಿಲ್ಲ, ಮೇವು ಬೇಡ. ಆದರೆ ಹುಳು ತಿನ್ನದು, ಹಿಕ್ಕೆ ಹಾಕದು, ಮೇಲಾಗಿ ಇದಕ್ಕೂ ಸಮತಟ್ಟು ಗದ್ದೆ ಮತ್ತು ನಿಂತ ನೀರು ಬೇಕೇ ಬೇಕು. ಅಂದರೆ ಇದು ಆಳದ ನೀರಿನ ಪದ್ಧತಿಗೆ ಜೊತೆಗಾರ, ಅದರ ಬದಲಿಯಲ್ಲ.

ಒಂದು ಆಯ್ಕೆಯನ್ನು ಮಾತ್ರ ಬಿಲ್‌ಕುಲ್ ಬೇಡ ಎನ್ನುತ್ತೇನೆ. 1981ರಲ್ಲಿ ತಿನ್ನಲೆಂದು ತಂದ ಸೇಬುಬಸವನಹುಳು ಸಾಕಣೆಯಿಂದ ತಪ್ಪಿಸಿಕೊಂಡು ಬೆಚ್ಚಗಿನ ಪ್ರಾಂತ್ಯಗಳ ಗದ್ದೆಗಳಲ್ಲಿ ನೆಲೆಯೂರಿದೆ. ಅದು ಕಳೆ ತಿನ್ನುತ್ತದೆಂದು ಬೇಕೆಂದೇ ಗದ್ದೆಗೆ ಬಿಡುವವರು ಹುಟ್ಟಿಕೊಂಡರು. 2024ರಲ್ಲಿ ಕೃಷಿ ಸಚಿವಾಲಯವೇ ಬಿಡಬೇಡಿ ಎಂದು ಎಚ್ಚರಿಸಬೇಕಾಯಿತು. ಅದು ಎಳೆ ಸಸಿಯನ್ನೂ ಮೇಯುತ್ತದೆ, ಕಾಲುವೆ ಹಿಡಿದು ಪಕ್ಕದವರ ಗದ್ದೆಗೂ ಹೋಗುತ್ತದೆ, ಒಮ್ಮೆ ಹೊಕ್ಕರೆ ಹೋಗುವುದಿಲ್ಲ.

ಹಾರಿ ಬರುವ ಹುಳು, ಕಾಳಿಗೆ ಕೂರುವ ತಿಗಣೆ

ಕಂದು ಜಿಗಿಹುಳು ನಮ್ಮ ಭತ್ತದ ಸೀಮೆಗೂ ಗೊತ್ತಿರುವ ಪೀಡೆಯೇ. ಜಪಾನಿನಲ್ಲಿ ಅದು ಚಳಿಗಾಲ ದಾಟಿ ಬದುಕುವುದಿಲ್ಲ. ಪ್ರತಿ ವರ್ಷ ಜೂನ್, ಜುಲೈ ಮಳೆಯ ಗಾಳಿಯ ಜೊತೆ ಚೀನಾದ ಕಡೆಯಿಂದ ಸಮುದ್ರ ದಾಟಿ ಬರುತ್ತದೆ. 1732ರಲ್ಲಿ ಪಶ್ಚಿಮ ಜಪಾನಿನ ದೊಡ್ಡ ಬರಗಾಲಕ್ಕೆ ಜಿಗಿಹುಳುಗಳೇ ಕಾರಣ. ಆ ಕಾಲದ ರೈತರು ತಿಮಿಂಗಿಲದ ಎಣ್ಣೆಯನ್ನು ಗದ್ದೆಯ ನೀರಿಗೆ ತೊಟ್ಟಿಕ್ಕಿಸಿ, ಎಣ್ಣೆ ಹರಡಿದ ಮೇಲೆ ಪೈರನ್ನು ಕೊಡವುತ್ತಿದ್ದರು. ನೀರಿಗೆ ಬಿದ್ದ ಹುಳುವಿನ ಉಸಿರಿನ ರಂಧ್ರ ಮುಚ್ಚಿ ಅದು ಸಾಯುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಔಷಧಿ ಸಿಂಪಡಿಸುವುದಕ್ಕೆ 'ಎಣ್ಣಿ ಹೊಡಿಯೋದು' ಎನ್ನುತ್ತೇವಲ್ಲ, ಅಲ್ಲಿ ಅದು ಅಕ್ಷರಶಃ ನಿಜವಾಗಿತ್ತು.

ಇಂದು ವಾಡಿಕೆಯ ದಾರಿ, ನಾಟಿಗೆ ಮುಂಚೆ ಸಸಿ ತಟ್ಟೆಗೇ ಕೀಟನಾಶಕದ ಹರಳು ಹಾಕುವುದು. ಬಯಲಿಗೆಲ್ಲ ಸಿಂಪಡಿಸುವುದಕ್ಕಿಂತ ಇದು ಕೈಹಿಡಿತದ ಬಳಕೆ. ಆದರೆ 2000ದ ದಶಕದ ನಡುವಿನಿಂದ ಹಾರಿ ಬರುವ ಹುಳುವೇ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕವನ್ನು ತಡೆದುಕೊಳ್ಳುವ ಶಕ್ತಿ ಹೊತ್ತು ಬರತೊಡಗಿತು. 2020ರಲ್ಲಿ ಜಿಗಿಹುಳುವಿನ ಹಾವಳಿಗೆ ಬಿರುಗಾಳಿಯೂ ಸೇರಿ ಯಾಮಗುಚಿ ಪ್ರಾಂತ್ಯದ ಇಳುವರಿ ವಾಡಿಕೆಯ ಮುಕ್ಕಾಲಿಗೆ ಕುಸಿಯಿತು. ಇಲ್ಲಿ ಔಷಧಿಯೋ ಅಲ್ಲವೋ ಎಂಬ ಪ್ರಶ್ನೆಗಿಂತ ಯಾವಾಗ ಎಂಬುದು ದೊಡ್ಡದು. ಪ್ರತಿ ಪ್ರಾಂತ್ಯದಲ್ಲೂ ಪೀಡೆ ಮುನ್ಸೂಚನೆಯ ಕಚೇರಿ ಇದೆ. ಬಲೆಗೆ ಬಿದ್ದ ಹುಳು ಎಣಿಸಿ, ಹಾರಿ ಬಂದ ದಿನ ಗುರುತಿಸಿ, ಮುಂದಿನ ಪೀಳಿಗೆ ಮರಿಯಾಗುವ ವಾರವನ್ನು ತಿಳಿಸುತ್ತಾರೆ. ಆ ವಾರದಲ್ಲಿ ಗದ್ದೆಗಿಳಿದು ಬುಡ ಬಿಡಿಸಿ ನೋಡುವವನಿಗೆ ಒಂದು ಸಿಂಪಡಣೆ ಸಾಕಾಗಬಹುದು, ಎಷ್ಟೋ ವರ್ಷ ಅದೂ ಬೇಡವಾಗಬಹುದು.

ತಿಗಣೆಯ ಕಥೆ ಬೇರೆ, ನನಗೆ ಬೇಸರ ತರಿಸುವ ಕಥೆಯೂ ಹೌದು. ಹಾಲು ತುಂಬಿದ ಎಳೆ ಕಾಳಿಗೆ ಭತ್ತದ ತಿಗಣೆ ತನ್ನ ಸೂಜಿಬಾಯಿ ಚುಚ್ಚಿದರೆ ಅಕ್ಕಿಯಲ್ಲಿ ಕಂದು ಚುಕ್ಕೆ ಉಳಿಯುತ್ತದೆ. ತಿಂದರೆ ತೊಂದರೆಯಿಲ್ಲ. ಆದರೆ ಜಪಾನಿನ ಅಕ್ಕಿ ತಪಾಸಣೆಯಲ್ಲಿ ಮೊದಲ ದರ್ಜೆಗೆ ಬಣ್ಣಗೆಟ್ಟ ಕಾಳು ಶೇ. 0.1 ಮೀರಬಾರದು. ಸಾವಿರ ಕಾಳಿಗೆ ಒಂದು! ಎರಡು ಕಾಳು ಬಂತೋ, ದರ್ಜೆ ಇಳಿದು ಬೆಲೆ ಇಳಿಯುತ್ತದೆ. ಆ ಒಂದು ಕಾಳಿನ ಭಯಕ್ಕೆ ತೆನೆ ಬಂದ ಮೇಲೆ ಊರಿಗೆ ಊರೇ ಸಿಂಪಡಿಸುತ್ತದೆ. ಬಣ್ಣ ನೋಡಿ ಕಾಳು ಬೇರ್ಪಡಿಸುವ ಯಂತ್ರ ಗಿರಣಿಗಳಲ್ಲಿ ಇರುವಾಗ ಇಷ್ಟು ಬಿಗಿ ಬೇಕೇ ಎಂದು ಅಲ್ಲಿನ ರೈತರೇ ಕೇಳುತ್ತಾರೆ. ಅವರ ಪ್ರಶ್ನೆ ಸರಿಯಾಗಿದೆ ಎಂದು ನನ್ನ ಅನಿಸಿಕೆ. ಸಿಂಪಡಣೆಗೆ ಎದುರಾಗಿ ನಿಲ್ಲುವ ದಾರಿ ಸರಳ: ಬದುವಿನ ಹುಲ್ಲು. ತೆನೆ ಬರುವುದಕ್ಕೆ ಹತ್ತು ಹದಿನೈದು ದಿನ ಮೊದಲೇ ಹುಲ್ಲು ಕತ್ತರಿಸಿ ಮುಗಿಸಬೇಕು. ತೆನೆ ಬಂದ ಮೇಲೆ ಕತ್ತರಿಸಿದರೆ ಹುಲ್ಲಲ್ಲಿದ್ದ ತಿಗಣೆಗಳನ್ನು ನಾವೇ ಗದ್ದೆಗೆ ಓಡಿಸಿದಂತೆ. ನೇರ ಗಿರಾಕಿಗೆ ಮಾರುವವರಿಗೆ ಇಷ್ಟೇ ಸಾಕು. ದರ್ಜೆಗೆ ಮಾರುವವರಿಗೆ ಕಷ್ಟ.

ರೋಗ: ಬಿಸಿನೀರಿನ ಹತ್ತು ನಿಮಿಷ

ಬೀಜದಿಂದ ಬರುವ ರೋಗಕ್ಕೆ ಔಷಧಿಯಲ್ಲಿ ನೆನೆಸುವುದು ಹಳೆಯ ವಾಡಿಕೆ. ನೆನೆಸಿ ಉಳಿದ ಔಷಧಿನೀರನ್ನು ಎಲ್ಲಿ ಚೆಲ್ಲುವುದು ಎಂಬ ತಲೆನೋವು ಅದರ ಜೊತೆಗೇ ಬರುತ್ತದೆ. ಅದಕ್ಕೆ ಬದಲಿ ಬಿಸಿನೀರು: ಒಣಗಿದ ಬಿತ್ತನೆ ಭತ್ತವನ್ನು ಬಲೆಚೀಲದಲ್ಲಿ ಸಡಿಲವಾಗಿ ತುಂಬಿ, 60 ಡಿಗ್ರಿ ನೀರಿನಲ್ಲಿ 10 ನಿಮಿಷ ಮುಳುಗಿಸಿ, ತಕ್ಷಣ ತಣ್ಣೀರಿಗೆ ಹಾಕುವುದು. ಚೀಲವನ್ನು ನೀರಲ್ಲಿ ಅಲುಗಾಡಿಸಬೇಕು, ಇಲ್ಲವಾದರೆ ನಡುವಿನ ಕಾಳಿಗೆ ಬಿಸಿ ತಲುಪುವುದಿಲ್ಲ. ಎರಡು ಮೂರು ನಿಮಿಷ ಮೈಮರೆತರೆ ಮೊಳಕೆ ಕಡಿಮೆ. ಅಂಟಕ್ಕಿ ತಳಿಗಳು ಬಿಸಿಯನ್ನು ಅಷ್ಟಾಗಿ ತಾಳವು. ಬೆಂಕಿ ರೋಗ, ಸಸಿ ಉದ್ದುದ್ದ ಬೆಳೆದು ಸಾಯುವ ರೋಗ, ಎರಡರ ಬೀಜದ ಸೋಂಕನ್ನೂ ಇದು ಬಹುಮಟ್ಟಿಗೆ ಕಳೆಯುತ್ತದೆ. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಫಲ ಕೊಡುವ ಪದ್ಧತಿ ಈ ಲೇಖನದಲ್ಲಿ ಇನ್ನೊಂದಿಲ್ಲ. ಕೊಟ್ಟಿಗೆಯಲ್ಲಿ ಹಳೆಯ ಹುಲ್ಲು ರಾಶಿ ಇದ್ದು ಅದರಿಂದ ಮತ್ತೆ ಸೋಂಕು ತಗುಲಿದರೆ ಮಾತ್ರ ಮಾಡಿದ್ದೆಲ್ಲ ವ್ಯರ್ಥ.

ಗದ್ದೆಗೆ ಬರುವ ಬೆಂಕಿ ರೋಗಕ್ಕೆ ಬಿಸಿನೀರು ಸಾಲದು. 1993ರ ತಣ್ಣನೆಯ ಬೇಸಿಗೆಯಲ್ಲಿ ಚಳಿಯೂ ಬೆಂಕಿ ರೋಗವೂ ಸೇರಿ ದೇಶದ ಇಳುವರಿ ವಾಡಿಕೆಯ ಶೇ. 74ಕ್ಕೆ ಬಿದ್ದು, ಥಾಯ್ಲೆಂಡಿನಿಂದಲೂ ಅಕ್ಕಿ ತರಬೇಕಾಯಿತು. ಆಮೇಲೆ ನೀಗತಾ ಪ್ರಾಂತ್ಯ ಹಿಡಿದ ದಾರಿ ಬಲು ಜಾಣತನದ್ದು. ಅಲ್ಲಿನ ಹೆಮ್ಮೆಯ ಕೊಶಿಹಿಕಾರಿ ತಳಿ ಬೆಂಕಿ ರೋಗಕ್ಕೆ ಬೇಗ ಬಲಿಯಾಗುತ್ತದೆ. ಹಾಗಾಗಿ ರುಚಿ, ರೂಪ ಅದೇ ಇದ್ದು ಬೇರೆ ಬೇರೆ ರೋಗನಿರೋಧಕ ವಂಶವಾಹಿ ಹೊತ್ತ ಹಲವು ಉಪತಳಿಗಳನ್ನು ರೂಪಿಸಿ, ಅವುಗಳ ಬೆರಕೆ ಬೀಜವನ್ನು 2005ರಿಂದ ಇಡೀ ಪ್ರಾಂತ್ಯಕ್ಕೆ ಕೊಟ್ಟರು. ಶಿಲೀಂಧ್ರ ಒಂದು ಉಪತಳಿಯನ್ನು ಗೆದ್ದರೂ ಪಕ್ಕದ ಗಿಡ ಬೇರೆ ಉಪತಳಿಯದು. ಇಂಥ ಬೀಜ ಸಿಗುವಲ್ಲಿ ಅದೇ ಮೊದಲ ಆಯ್ಕೆ. ಸಿಗದಿದ್ದಲ್ಲಿ ಪ್ರೊಬೆನಜೋಲ್ ಎಂಬ, ಅಲ್ಲಿ 1970ರ ದಶಕದಿಂದ ಬಳಕೆಯಲ್ಲಿರುವ ಔಷಧಿ. ಅದು ಶಿಲೀಂಧ್ರವನ್ನು ನೇರವಾಗಿ ಕೊಲ್ಲುವುದಕ್ಕಿಂತ ಗಿಡದ ತಡೆಶಕ್ತಿಯನ್ನೇ ಎಚ್ಚರಿಸುತ್ತದೆ.

ಪಾಲಿಹೌಸ್: ಮಿತ್ರಕೀಟದ ನಿಜವಾದ ಮನೆ

ಶಿಕೊಕು ದ್ವೀಪದ ಕೋಚಿ (ಕೇರಳದ ಕೊಚ್ಚಿಯಲ್ಲ) ಚಳಿಗಾಲದ ಬದನೆ, ಹಸಿಮೆಣಸಿಗೆ ಹೆಸರಾದ ಪ್ರಾಂತ್ಯ. 1978ರಲ್ಲಿ ಜಪಾನಿಗೆ ಕಾಲಿಟ್ಟ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟವೊಂದು ಅಲ್ಲಿನವರನ್ನು ಹಣ್ಣುಮಾಡಿತು. ಹೊಡೆದ ಔಷಧಿಗೆಲ್ಲ ಒಗ್ಗಿಕೊಂಡಿತು. ಸಿಂಪಡಿಸಿ ಸಾಕಾದ ರೈತರು ಮಿತ್ರಕೀಟದ ಕಡೆ ತಿರುಗಿದ್ದು ಆದರ್ಶಕ್ಕಿಂತ ಹೆಚ್ಚಾಗಿ ದಾರಿ ಕಾಣದೆ. ಇಂದು ಅಲ್ಲಿನ ಪಾಲಿಹೌಸುಗಳಲ್ಲಿ ಅದೇ ವಾಡಿಕೆಯಂತಾಗಿದೆ.

ಕೊಂಡು ತರುವ ಪರಭಕ್ಷಕ ನುಸಿ ಸ್ವಿರ್‌ಸ್ಕಿಯನ್ನು ಎಲೆ ಮೇಲೆ ಉದುರಿಸುತ್ತಾರೆ. ಅದು ಥ್ರಿಪ್ಸ್ ಮರಿ, ಬಿಳಿನೊಣದ ಮೊಟ್ಟೆ ತಿನ್ನುತ್ತದೆ. ಊರಿನದೇ ಆದ ಇನ್ನೊಂದು ಪರಭಕ್ಷಕ ತಿಗಣೆಯನ್ನು ಸಾಕುವ ಬಗೆ ಇನ್ನೂ ಚಂದ: ಪಾಲಿಹೌಸಿನ ಒಳಗೆ ಅಲ್ಲಲ್ಲಿ ಎಳ್ಳಿನ ಗಿಡ, ಕ್ಲಿಯೋಮ್ ಹೂಗಿಡ ನೆಡುತ್ತಾರೆ. ಬೇಟೆ ಸಿಗದ ದಿನಗಳಲ್ಲೂ ತಿಗಣೆ ಎಳ್ಳಿನ ರಸ ಹೀರಿಕೊಂಡು ಅಲ್ಲೇ ಸಂಸಾರ ಬೆಳೆಸುತ್ತದೆ. ಬೇಕಾದಾಗ ಆ ಟೊಂಗೆ ಕತ್ತರಿಸಿ ಬದನೆ ಸಾಲಿನ ಮೇಲೆ ಇಟ್ಟರೆ ಸೈನ್ಯ ಸಿದ್ಧ. ಕಟ್ಟುನಿಟ್ಟು ಎರಡು. ಮಿತ್ರಕೀಟ ಬಿಟ್ಟ ಮೇಲೆ ಕೈಗೆ ಸಿಕ್ಕಿದ ಔಷಧಿ ಹೊಡೆದರೆ ಮೊದಲು ಸಾಯುವುದು ಮಿತ್ರನೇ, ಶತ್ರು ಎರಡರಷ್ಟಾಗುತ್ತಾನೆ. ಟೊಮೆಟೊದಲ್ಲಿ ಈ ತಿಗಣೆ ಬೇಟೆ ಮುಗಿದ ಮೇಲೆ ಎಳೆ ಕಾಂಡವನ್ನೇ ಚುಚ್ಚುತ್ತದೆ, ಹಾಗಾಗಿ ಬದನೆಯಲ್ಲಿ ಗೆದ್ದದ್ದನ್ನು ಕಣ್ಣುಮುಚ್ಚಿ ಟೊಮೆಟೊಗೆ ತರಬಾರದು.

ಬಯಲು ತೋಟಕ್ಕೂ ಇದೇ ಸಾಕಲ್ಲವೇ ಎಂದು ಕೇಳಬಹುದು. ಗೋಡೆಯಿಲ್ಲದ ಕಡೆ ಕೊಂಡು ಬಿಟ್ಟ ಕೀಟ ನಿಲ್ಲುವುದಿಲ್ಲ, ಪಕ್ಕದವರ ಔಷಧಿ ತೇಲಿ ಬರುತ್ತದೆ. ಬಯಲಿಗೆ, ಸೇಬು ಮತ್ತು ಚಹಾ ತೋಟಗಳಿಗೆ, ಹೆಣ್ಣು ಪತಂಗದ ವಾಸನೆಯನ್ನು ತೋಟವೆಲ್ಲ ಹರಡಿ ಗಂಡನ್ನು ದಾರಿ ತಪ್ಪಿಸುವ ಫೆರೊಮೋನ್ ಪಟ್ಟಿ ಹೊಂದುತ್ತದೆ. ಒಬ್ಬರೇ ಮಾಡಿದರೆ ದಕ್ಕದು, ಅಕ್ಕಪಕ್ಕದವರೆಲ್ಲ ಸೇರಬೇಕು. ಶಿಜುವೊಕಾದ ಚಹಾ ತೋಟದಲ್ಲಿ ಒಂದೇ ಬಗೆಯ ವಾಸನೆಯನ್ನು ವರ್ಷಗಟ್ಟಲೆ ಬಳಸಿದ್ದಕ್ಕೆ ಪತಂಗ ಅದಕ್ಕೂ ಒಗ್ಗಿಕೊಂಡಿತು. ವಿಷವಲ್ಲದ ಉಪಾಯವೂ ಸವೆಯುತ್ತದೆ.

ಮಣ್ಣಿನ ರೋಗಕ್ಕೆ ಮೊದಲು ಮೀಥೈಲ್ ಬ್ರೋಮೈಡ್ ಎಂಬ ಅನಿಲವಿತ್ತು. ಓಝೋನ್ ಪದರದ ಒಪ್ಪಂದದಂತೆ 2005ರಲ್ಲಿ ನಿಂತು, ಶುಂಠಿಯಂಥ ಕೆಲವು ಬೆಳೆಗೆ ಕೊಟ್ಟ ವಿನಾಯಿತಿಯೂ 2012ಕ್ಕೆ ಮುಗಿಯಿತು. ಉಳಿದವುಗಳಲ್ಲಿ ಮುಖ್ಯವಾದದ್ದು ಕ್ಲೋರೊಪಿಕ್ರಿನ್, ಕಣ್ಣು ಉರಿಸುವ ಅದನ್ನು ಮನೆಗಳ ಹತ್ತಿರ ಬಳಸುವುದೇ ಕಷ್ಟ. ಬದಲಿ ಎರಡಿವೆ. ನಾರಾ ಪ್ರಾಂತ್ಯದ ಸ್ಟ್ರಾಬೆರಿ ಸೀಮೆಯಲ್ಲಿ 1970ರ ದಶಕದಲ್ಲಿ ರೂಪುಗೊಂಡ ಬಿಸಿಲ ಪದ್ಧತಿ: ನಡುಬೇಸಿಗೆಯಲ್ಲಿ ಮಣ್ಣಿಗೆ ನೀರುಣಿಸಿ, ಪ್ಲಾಸ್ಟಿಕ್ ಹೊದಿಸಿ, ಪಾಲಿಹೌಸ್ ಮುಚ್ಚಿ ಮೂರು ನಾಲ್ಕು ವಾರ ಬಿಡುವುದು. ಬಿಸಿಲು ಕಡಿಮೆಯಿರುವ ಹೊಕ್ಕೈದೊದಲ್ಲಿ ರೂಪುಗೊಂಡದ್ದು ಇನ್ನೊಂದು: ಹತ್ತು ಗುಂಟೆಗೆ ಒಂದು ಟನ್ ಅಕ್ಕಿತೌಡು ಅಥವಾ ಗೋಧಿಬೂಸ ಬೆರೆಸಿ, ನೀರು ತುಂಬಿ, ಮುಚ್ಚುವುದು. ಮಣ್ಣು 30 ಡಿಗ್ರಿ ದಾಟಿದರೆ ಸಾಕು, ಸೂಕ್ಷ್ಮಜೀವಿಗಳು ಗಾಳಿಯನ್ನೆಲ್ಲ ಹೀರಿ ಇಪ್ಪತ್ತು ದಿನದಲ್ಲಿ ಸೊರಗು ರೋಗದ ಶಿಲೀಂಧ್ರವನ್ನು ಉಸಿರುಗಟ್ಟಿಸುತ್ತವೆ. ಮುಚ್ಚಿಗೆ ತೆರೆದಾಗ ಚರಂಡಿಯ ವಾಸನೆ ಹೊಡೆಯದಿದ್ದರೆ ಕೆಲಸ ಸರಿಯಾಗಿಲ್ಲ ಎಂದೇ ಅರ್ಥ. ಬಿಸಿಲು ಧಾರಾಳವಿದ್ದರೆ ಮೊದಲನೆಯದು, ತೌಡು ಅಗ್ಗವಿದ್ದರೆ ಎರಡನೆಯದು.

ಪೂರ್ತಿ ಬಿಡುವುದೋ, ಅರ್ಧ ಇಳಿಸುವುದೋ

ಮಾರುವಾಗ ಎರಡು ಮಟ್ಟಗಳಿವೆ. ಜಪಾನಿನ ಕೃಷಿ ಮಾನಕವಾದ 'ಜೆಎಎಸ್'ನ ಸಾವಯವ ಮುದ್ರೆ ಬೇಕಿದ್ದರೆ ಬಿತ್ತನೆಗೆ ಮೊದಲು ಎರಡು ವರ್ಷ, ಬಹುವಾರ್ಷಿಕ ಬೆಳೆಗಾದರೆ ಕೊಯ್ಲಿಗೆ ಮೊದಲು ಮೂರು ವರ್ಷ ನಿಷಿದ್ಧ ರಾಸಾಯನಿಕ ಬಳಸಿರಬಾರದು. 'ತೊಕುಬೆತ್ಸು ಸೈಬೈ', ಅಂದರೆ ವಿಶೇಷ ಬೇಸಾಯ, ಎಂಬ ಮಟ್ಟಕ್ಕೆ ಊರಿನ ವಾಡಿಕೆಗಿಂತ ಪೀಡೆನಾಶಕ ಮತ್ತು ರಾಸಾಯನಿಕ ಸಾರಜನಕ ಎರಡೂ ಅರ್ಧಕ್ಕಿಳಿದರೆ ಸಾಕು. ನೂರು ಮನೆಯ ಊರಿನಲ್ಲಿ ಇಬ್ಬರು ಪೂರ್ತಿ ಬಿಡುವುದಕ್ಕಿಂತ ಎಂಬತ್ತು ಜನ ಅರ್ಧ ಇಳಿಸಿದರೆ ಹಳ್ಳದ ನೀರಿಗೆ ಹೆಚ್ಚು ಒಳ್ಳೆಯದು ಎಂಬುದು ನನ್ನ ನಂಬಿಕೆ. ಸಾದೊ ದ್ವೀಪದವರು, ಕಾಡಿನಿಂದ ಕಣ್ಮರೆಯಾಗಿದ್ದ ಐಬಿಸ್ ಜಾತಿಯ ತೊಕಿ ಹಕ್ಕಿಗಾಗಿ ಮಾಡಿಕೊಂಡ ಅಕ್ಕಿಯ ಪ್ರಮಾಣಪತ್ರವೂ ಈ ಅರ್ಧದ ಮಟ್ಟದಿಂದಲೇ ಶುರುವಾಗುತ್ತದೆ. 2008ರಲ್ಲಿ ಆ ಹಕ್ಕಿಯನ್ನು ಮತ್ತೆ ಬಯಲಿಗೆ ಬಿಟ್ಟರು.

ಹ್ಯೋಗೊ ಪ್ರಾಂತ್ಯದ ತೊಯೊವೊಕಾದಲ್ಲಿ ಔಷಧಿ ಪೂರ್ತಿ ಬಿಟ್ಟವರಿಗೂ, ಬಹುಪಾಲು ಇಳಿಸಿದವರಿಗೂ ಒಂದೇ ಕೊಕ್ಕರೆ ಹೆಸರಿನಡಿ ಜಾಗವಿದೆ. ಕಾಡಿನ ಕೊನೆಯ ಕೊಕ್ಕರೆ ಅಲ್ಲಿ 1971ರಲ್ಲಿ ಸತ್ತಿತು. ಸಾಕಿ ಬೆಳೆಸಿದವನ್ನು 2005ರಲ್ಲಿ ಮತ್ತೆ ಹಾರಿಬಿಟ್ಟರು. ಹಾರಿದ ಹಕ್ಕಿಗೆ ತಿನ್ನಲು ಕಪ್ಪೆ ಬೇಕು, ಕಪ್ಪೆಗೆ ಗದ್ದೆಯಲ್ಲಿ ನೀರು ಬೇಕು. ವಾಡಿಕೆಯಂತೆ ಬೇಸಿಗೆಯ ನಡುವೆ ಗದ್ದೆ ಬಸಿದು ಒಣಗಿಸುವುದುಂಟು, ಆಗ ಗೊದಮೊಟ್ಟೆಗಳೆಲ್ಲ ಒಣಗಿ ಸಾಯುತ್ತವೆ. ಹಾಗಾಗಿ ಈ ಪದ್ಧತಿಯ ರೈತರು ಬಸಿಯುವ ದಿನವನ್ನು ಪಂಚಾಂಗ ನೋಡಿ ಗೊತ್ತು ಮಾಡುವುದಿಲ್ಲ. ಜುಲೈ ಹೊತ್ತಿಗೆ ಬದುವಿನ ಮೇಲೆ ಕೂತು ಗೊದಮೊಟ್ಟೆಗಳನ್ನು ನೋಡುತ್ತಾರೆ. ಕಾಲು ಮೂಡಿದ್ದರೆ ತೂಬು ತೆಗೆಯುತ್ತಾರೆ. ಮೂಡಿಲ್ಲದಿದ್ದರೆ ಇನ್ನೂ ಕೆಲವು ದಿನ ನೀರು ಹಾಗೇ ನಿಲ್ಲುತ್ತದೆ.